ಈ ಪೈನ್ ಮರ ಹೀಗಾಗಲು ಎಷ್ಟು ವರ್ಷ ಬೇಕಾಯಿತು?

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ತಾರಸಿಗೆ ಬಂದವರು ಹುಣಸೆ, ಗೋಣಿ, ಬಸರಿ ಗಿಡಗಳನ್ನೆಲ್ಲ ನೋಡುತ್ತ ಬಂದು, ನೀರಿನ ತೊಟ್ಟಿಯ ಪಕ್ಕದ ಕಲ್ಲುಚಪ್ಪಡಿಯ ಮೇಲಿರುವ ಬೋನ್ಸಾಯ್, ಅಂದರೆ ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ, ಪೈನ್ ಮರದ ಮುಂದೆ ನಿಲ್ಲುತ್ತಾರೆ. ಅಲ್ಲಿ ಎಲ್ಲರ ಬಾಯಿಂದಲೂ ಬರುವುದು ಒಂದೇ ಪ್ರಶ್ನೆ: ‘ಇದು ಹೀಗಾಗಲು ಎಷ್ಟು ವರ್ಷ ಬೇಕಾಯಿತು?’ ನಂಜನಗೂಡು ರಸ್ತೆಯ ದತ್ತಪೀಠದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನೋಡಿಕೊಂಡು, ತಾವೂ ಒಂದು ಬೆಳೆಸಬೇಕೆಂಬ ಆಸೆಯಿಂದ ಬಂದವರಂತೂ ಕುಳಿತುಕೊಳ್ಳುವ ಮೊದಲೇ ಇದನ್ನು ಕೇಳುತ್ತಾರೆ. 22 ವರ್ಷ ಎಂದು ಹೇಳಿದರೆ ಕೆಲವರು ‘ಹಾಗಾದರೆ ನಮ್ಮ ಕೈಲಾಗದು ಬಿಡಿ’ ಎನ್ನುತ್ತಾರೆ, ಇನ್ನು ಕೆಲವರು ಬೇಗ ಮಾಡುವ ಉಪಾಯವಿದೆಯೇ ಎಂದು ವಿಚಾರಿಸುತ್ತಾರೆ. ಇಬ್ಬರಿಗೂ ನಾನು ಕೊಟ್ಟ ಉತ್ತರ ಸಾಲದು ಎನಿಸುತ್ತದೆ. ಏಕೆಂದರೆ ಈ 22 ವರ್ಷಗಳಲ್ಲಿ ನಾನು ಕತ್ತರಿ, ತಂತಿ ಹಿಡಿದು ಮರದ ಮುಂದೆ ಕುಳಿತ ದಿನಗಳನ್ನು ಲೆಕ್ಕ ಹಾಕಿದರೆ ನೂರು ದಾಟಲಾರವು. ಉಳಿದ ಕಾಲವೆಲ್ಲ ಮರ ತನ್ನ ಪಾಡಿಗೆ ಚೇತರಿಸಿಕೊಳ್ಳಲು ಬಿಟ್ಟ ಕಾಲ, ಮತ್ತು ಮರವನ್ನು ಮಾಡಿದ್ದು ಹೆಚ್ಚಾಗಿ ಆ ಕಾಲವೇ.

ಮೊದಲು ಇದು ಯಾವ ಪೈನ್ ಎಂದು ಹೇಳಿಬಿಡುತ್ತೇನೆ. ಬೋನ್ಸಾಯ್ ಚಿತ್ರಗಳಲ್ಲಿ ಕಾಣುವ ಗಿಡ್ಡನೆಯ ಯುರೋಪಿನ ಬೆಟ್ಟದ ಪೈನ್, ಅಂದರೆ ಮ್ಯೂಗೋ ಪೈನ್, ಆಲ್ಪ್ಸ್, ಪಿರನೀಸ್, ಕಾರ್ಪೇಥಿಯನ್ ಪರ್ವತಗಳದು. ಅದಕ್ಕೆ ಹಿಮ ಬೀಳುವ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ರೆ ಬೇಕು. ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು ಚುರುಕಾಗಿರುವ ಮೈಸೂರಿನಲ್ಲಿ ಆ ನಿದ್ರೆಯನ್ನು ಒದಗಿಸುವುದು ಸಾಧ್ಯವಿಲ್ಲ. ನನ್ನದು ಹಿಮಾಲಯದ ತಪ್ಪಲಿನ ಚೀರ್ ಪೈನ್. ಸುಮಾರು 500 ಮೀಟರ್ ಎತ್ತರದಿಂದಲೇ ಅದು ಕಾಡಾಗಿ ಬೆಳೆಯುತ್ತದೆ, ಬಿರುಬೇಸಗೆಯನ್ನೂ ಮುಂಗಾರನ್ನೂ ಬಲ್ಲದು. ಸುಮಾರು 770 ಮೀಟರ್ ಎತ್ತರದ ನಮ್ಮ ಊರು ಅದಕ್ಕೆ ತೀರಾ ಪರದೇಶವಲ್ಲ. ಸಂಸ್ಕೃತದಲ್ಲಿ ಇದಕ್ಕೆ ಸರಳ ಎಂದು ಹೆಸರು, ನೆಟ್ಟಗೆ ಬೆಳೆಯುವ ಮರ ಎಂಬ ಅರ್ಥದಲ್ಲಿ. ಹೆಸರೇ ನೆಟ್ಟಗಿರುವ ಮರವನ್ನು, ಬೆಟ್ಟದ ಅಂಚಿನಲ್ಲಿ ಗಾಳಿಗೆ ಮೈಯೊಡ್ಡಿ ನಿಂತಂತೆ ಬಾಗಿಸಲು ಹೊರಟಿದ್ದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಇದು ನನ್ನ ಮೊದಲ ಪೈನ್ ಅಲ್ಲ. ಮೊದಲನೆಯದನ್ನು ನಾನೇ ಕೊಂದೆ. ಆಲದ ಜಾತಿಯ ಗಿಡಗಳ ಬೇರನ್ನು ತೊಳೆದು, ಅರ್ಧಕ್ಕರ್ಧ ಕತ್ತರಿಸಿ ನೆಟ್ಟರೂ ಅವು ಹದಿನೈದು ದಿನದಲ್ಲಿ ಚಿಗುರುತ್ತವೆ. ಅದೇ ಅಭ್ಯಾಸದಲ್ಲಿ ಪೈನ್ ಸಸಿಯ ಮಣ್ಣನ್ನೂ ನಲ್ಲಿಯ ಕೆಳಗೆ ಹಿಡಿದು ಪೂರ್ತಿ ತೊಳೆದುಬಿಟ್ಟೆ. ಬೇರಿನ ಸುತ್ತ ಬೂಷ್ಟಿನಂತೆ ಬೆಳ್ಳಗೆ ಅಂಟಿಕೊಂಡಿದ್ದುದನ್ನು ರೋಗವೆಂದು ತಿಳಿದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಅದು ಮೈಕೊರೈಜಾ ಎಂಬ ಶಿಲೀಂಧ್ರ. ಪೈನ್ ಬೇರುಗಳಿಗೆ ನೀರನ್ನೂ ರಂಜಕವನ್ನೂ ಒದಗಿಸಿಕೊಡುವುದೇ ಅದು, ಪ್ರತಿಯಾಗಿ ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಸಸಿ ಎರಡು ತಿಂಗಳು ಹಸಿರಾಗಿಯೇ ನಿಂತಿತ್ತು. ಪೈನ್ ಸತ್ತದ್ದು ಎಲೆಯ ಬಣ್ಣದಲ್ಲಿ ಕಾಣಿಸುವ ಹೊತ್ತಿಗೆ ಬೇರು ಸತ್ತು ಎಷ್ಟೋ ದಿನವಾಗಿರುತ್ತದೆ.

ಈಗಿನ ಮರ 2003ರಲ್ಲಿ ಪೆನ್ಸಿಲಿನಷ್ಟು ದಪ್ಪದ ಸಸಿಯಾಗಿ ಬಂತು. ಅದನ್ನು ಬೋನ್ಸಾಯ್ ಕುಂಡಕ್ಕೆ ಹಾಕಲೇ ಇಲ್ಲ. ದೊಡ್ಡ ಸಿಮೆಂಟ್ ತೊಟ್ಟಿಯಲ್ಲಿ ನೆಟ್ಟು ಒಂಬತ್ತು ವರ್ಷ ಬೆಳೆಯಲು ಬಿಟ್ಟೆ. ಸಣ್ಣ ಕುಂಡದಲ್ಲಿ ಕಾಂಡ ದಪ್ಪವಾಗುವುದಿಲ್ಲ. ಎಲೆಗಳು ತಯಾರಿಸಿದ ಆಹಾರ ಕೆಳಗಿಳಿದು ಬರುವ ದಾರಿಯಲ್ಲೇ ಕಾಂಡ ಪದರಪದರವಾಗಿ ದಪ್ಪವಾಗುವುದರಿಂದ, ಎಲೆ ಹೆಚ್ಚಿದ್ದಷ್ಟೂ ಕಾಂಡಕ್ಕೆ ಲಾಭ. ಅದಕ್ಕಾಗಿಯೇ ಬುಡದಿಂದ ಒಂದು ಗೇಣು ಮೇಲಿದ್ದ ಕೊಂಬೆಯೊಂದನ್ನು ಮುಟ್ಟದೆ ಬಿಟ್ಟಿದ್ದೆ. ಮುಂದೆ ಕಡಿದುಹಾಕಲೆಂದೇ ಬೆಳೆಸುವ ಇಂತಹ ಕೊಂಬೆಯನ್ನು ನಾವು ಬಲಿಕೊಂಬೆ ಎನ್ನುತ್ತೇವೆ. ಅದು ತೊಟ್ಟಿಯನ್ನೂ ಮೀರಿ ಹತ್ತು ಅಡಿ ಬೆಳೆಯಿತು. ಇದು ಬೋನ್ಸಾಯ್ ಎಂದರೆ ನೆರೆಮನೆಯವರು ಸೌಜನ್ಯದಿಂದ ಸುಮ್ಮನಾಗುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಅತಿ ಮುಖ್ಯ ಭಾಗ ಆ ಒಂಬತ್ತು ವರ್ಷ. ಅದನ್ನು ಬಿಟ್ಟು, ಬೆರಳು ದಪ್ಪದ ಗಿಡವನ್ನು ಚಪ್ಪಟೆ ಕುಂಡಕ್ಕೆ ಹಾಕಿ ತಂತಿ ಸುತ್ತಿದವರಿಗೆ ಇಪ್ಪತ್ತು ವರ್ಷದ ನಂತರವೂ ಬೆರಳು ದಪ್ಪದ ಗಿಡವೇ ಇರುತ್ತದೆ.

2012ರ ಡಿಸೆಂಬರಿನಲ್ಲಿ ಬಲಿಕೊಂಬೆಯನ್ನು ಗರಗಸದಿಂದ ಕೊಯ್ದೆ. ಬುಡದ ಬಳಿ ನಾಲ್ಕು ಬೆರಳಷ್ಟು ಮೋಟು ಉಳಿಸಿ, ತೊಗಟೆ ಸುಲಿದು, ನಾರುಗಳನ್ನು ಇಕ್ಕುಳದಿಂದ ಸೀಳಿ ಎಳೆದು, ಸಿಡಿಲಿಗೆ ಮುರಿದ ಕೊಂಬೆಯಂತೆ ಮಾಡಿದೆ. ಜಪಾನಿನವರು ಇದನ್ನು ಜಿನ್ ಎನ್ನುತ್ತಾರೆ. ಸುಣ್ಣ ಗಂಧಕದ ದ್ರಾವಣ ಹಚ್ಚಿದ ಮೇಲೆ ಅದು ಬೂದಿಬಿಳಿಯಾಯಿತು. ಪೈನ್ ಮರದಲ್ಲಿ ರಾಳ ತುಂಬಿರುವುದರಿಂದ ಮೋಟು ಬೇಗ ಕೊಳೆಯುವುದಿಲ್ಲ. ಮುಂದಿನ ವರ್ಷವೆಲ್ಲ ನೀರು, ಹರಳು ಹಿಂಡಿ ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಬಹುತೇಕ ಪೈನ್‌ಗಳಲ್ಲಿ ಎಲೆಯಿಲ್ಲದ ಹಳೆಯ ಕಟ್ಟಿಗೆಯಿಂದ ಚಿಗುರು ಬರುವುದೇ ಇಲ್ಲ. ಚೀರ್ ಪೈನ್ ಹಾಗಲ್ಲ. ಎಳೆಯ ಮರ ಕಾಡ್ಗಿಚ್ಚಿಗೆ ಸಿಕ್ಕರೂ ಬುಡದಿಂದ ಮತ್ತೆ ಚಿಗುರುತ್ತದೆ. ಆ ಮಳೆಗಾಲದಲ್ಲಿ ನನ್ನ ಮರದ ತೊಗಟೆಯ ಬಿರುಕುಗಳಿಂದಲೂ ಸಣ್ಣ ಚಿಗುರುಗಳು ಹೊರಟವು. ಅವುಗಳ ಎಲೆ ಮೂರುಮೂರರ ಗೊಂಚಲಾಗಿರದೆ ಒಂದೊಂದೇ, ಗಿಡ್ಡ, ನೀಲಿ ಬೆರೆತ ಹಸಿರು. ಸಸಿಯಾಗಿದ್ದಾಗಿನ ಎಲೆಯನ್ನೇ ಮರ ಮತ್ತೆ ಹೊರತಂದಿತ್ತು. ಇಂದು ನೀವು ನೋಡುವ ಕೆಳಗಿನ ಎರಡು ಕೊಂಬೆಗಳು ಅಲ್ಲಿಂದ ಬಂದವು.

ಬಾಗಿಸುವ ಕೆಲಸ 2014ರ ಚಳಿಗಾಲದ್ದು. ಹೆಬ್ಬೆರಳಿಗಿಂತ ದಪ್ಪದ ಕೊಂಬೆಯನ್ನು ಬರಿಯ ತಂತಿಯಿಂದ ಬಾಗಿಸಿದರೆ ತೊಗಟೆ ಒಡೆಯುತ್ತದೆ. ಜಪಾನಿನಲ್ಲಿ ಅದಕ್ಕೆ ಮೊದಲು ರಾಫಿಯಾ ನಾರು ಸುತ್ತುತ್ತಾರೆ. ನಾನು ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರ ಬಳಿಯಿಂದ ಬಾಳೆನಾರಿನ ಕಟ್ಟು ತಂದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒತ್ತೊತ್ತಾಗಿ ಮೂರು ಸುತ್ತು ಸುತ್ತಿದೆ. ಅದರ ಮೇಲೆ ಕೊಂಬೆಯ ಮೂರನೆಯ ಒಂದು ಭಾಗದಷ್ಟು ದಪ್ಪದ, ಕಾಯಿಸಿ ಮೆತುಗೊಳಿಸಿದ ತಾಮ್ರದ ತಂತಿಯನ್ನು ಓರೆಯಾಗಿ ಸುತ್ತಿದೆ. ಎರಡೂ ಹೆಬ್ಬೆರಳನ್ನು ಬಾಗಬೇಕಾದ ಜಾಗದ ಒಳಗಡೆಗೆ ಒತ್ತಿ ಹಿಡಿದು ಸ್ವಲ್ಪ ಬಾಗಿಸುವುದು, ನಿಲ್ಲುವುದು, ಮತ್ತೆ ಸ್ವಲ್ಪ ಬಾಗಿಸುವುದು. ಒಳಗಿನ ನಾರು ಮಿಸುಕುವುದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಸಣ್ಣಗೆ ‘ಚಿಟ್’ ಎಂದರೆ ಅಂದಿಗೆ ಅಲ್ಲಿಗೇ ಸಾಕು. ಒಂದು ಕೊಂಬೆಗೆ ಒಂದು ಬೆಳಗು ಪೂರ್ತಿ ಹಿಡಿಯಿತು.

ಆದರೆ ತಂತಿಯನ್ನು ಕಟ್ಟುವುದಕ್ಕಿಂತ ಸಕಾಲದಲ್ಲಿ ಬಿಚ್ಚುವುದೇ ಕಷ್ಟದ ಕೆಲಸ. 2018ರ ಡಿಸೆಂಬರಿನಲ್ಲಿ ಮೇಲಿನ ಕೊಂಬೆಗಳಿಗೆ ಕಟ್ಟಿದ್ದೆ. ಮರುವರ್ಷ ಜೂನಿನಲ್ಲಿ ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋದವಳು ಮರಳಿದ್ದು ಅಕ್ಟೋಬರಿನಲ್ಲಿ. ಮನೆಯವರು ನೀರು ತಪ್ಪಿಸಿರಲಿಲ್ಲ, ಮಳೆಯೂ ಚೆನ್ನಾಗಿ ಆಗಿತ್ತು, ಮರ ಹುಲುಸಾಗಿ ಬೆಳೆದಿತ್ತು. ಹಾಗಾಗಿಯೇ ತಂತಿ ತೊಗಟೆಯೊಳಗೆ ಅರ್ಧ ಹೂತುಹೋಗಿತ್ತು. ಸುತ್ತು ಬಿಚ್ಚಲು ಹೋದರೆ ತೊಗಟೆ ಕಿತ್ತುಬರುವುದರಿಂದ ತುಂಡುತುಂಡಾಗಿ ಕತ್ತರಿಸಿ ತೆಗೆದೆ. ಬಲಗಡೆಯ ಕೊಂಬೆಯನ್ನು ಹತ್ತಿರದಿಂದ ನೋಡಿದರೆ ಸುರುಳಿಯಾಗಿ ಹೋಗಿರುವ ಆ ಗಾಯದ ಗುರುತು ಇಂದಿಗೂ ಕಾಣುತ್ತದೆ. ಅದು ಮುಚ್ಚಲು ಇನ್ನೂ ಕೆಲವು ವರ್ಷ ಬೇಕು. ನನ್ನ ಲೆಕ್ಕದಲ್ಲಿ ಆ ನಾಲ್ಕು ತಿಂಗಳು ಈ ಮರಕ್ಕೆ ಹತ್ತು ವರ್ಷದಷ್ಟು ಹಿನ್ನಡೆಯಾಯಿತು.

ಬೇರು ಕತ್ತರಿಸಿ ಮಣ್ಣು ಬದಲಿಸುವ ಕೆಲಸವನ್ನು ಎರಡು ಕಂತಿನಲ್ಲಿ ಮಾಡಿದೆ. 2015ರಲ್ಲಿ ಒಂದು ಮಗ್ಗುಲು, 2017ರಲ್ಲಿ ಇನ್ನೊಂದು. ಹಳೆಯ ಮಣ್ಣನ್ನು ಅರ್ಧದಷ್ಟು ಉಳಿಸಿದರೆ ಶಿಲೀಂಧ್ರ ಅಲ್ಲಿಂದ ಹೊಸ ಮಣ್ಣಿಗೆ ಹಬ್ಬುತ್ತದೆ. ಮಣ್ಣು ಎಂದರೂ ಅದರಲ್ಲಿ ತೋಟದ ಮಣ್ಣಿಲ್ಲ. ಜರಡಿ ಹಿಡಿದ ಇಟ್ಟಿಗೆ ಚೂರು, ಕಲ್ಲುಪುಡಿಯ ದಪ್ಪ ಕಾಳು, ಇದ್ದಿಲು, ಸ್ವಲ್ಪ ಎಲೆಗೊಬ್ಬರ ಇಷ್ಟೇ. ಸುರಿದ ನೀರು ಎಣಿಸುವಷ್ಟರಲ್ಲಿ ಕೆಳಗಿಳಿಯಬೇಕು, ಇಲ್ಲದಿದ್ದರೆ ನಮ್ಮ ಅಕ್ಟೋಬರಿನ ಮಳೆಗೆ ಬೇರು ಕೊಳೆಯುತ್ತದೆ. ಏಪ್ರಿಲ್‌ನಲ್ಲಿ ಕುಂಡಕ್ಕೆ ಮಾತ್ರ ಒದ್ದೆ ಗೋಣಿತಾಟು ಸುತ್ತುತ್ತೇನೆ, ಎಲೆಗೆ ನೆರಳು ಬೇಡ.

ಎಲೆಯ ಉದ್ದವನ್ನು ಕೆಲವರು ಕತ್ತರಿಯಿಂದ ಸರಿಪಡಿಸುತ್ತಾರೆ. ಅದು ತಪ್ಪು, ಕತ್ತರಿಸಿದ ತುದಿ ಕಂದಾಗಿ ಮರ ರೋಗಿಯಂತೆ ಕಾಣುತ್ತದೆ. ಕಾಡಿನಲ್ಲಿ ಗೇಣುದ್ದ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಳೆಯುವ ಎಲೆ ನನ್ನ ಮರದಲ್ಲಿ ಈಗ ಅರ್ಧ ಗೇಣಿಗೆ ಇಳಿದಿದೆ. ಪೂರ್ತಿ ಬಿಸಿಲು, ಚಿಗುರು ಮೇಣದಬತ್ತಿಯಂತೆ ಏಳುವಾಗ ಅದನ್ನು ಬೆರಳಿನಿಂದ ಅರ್ಧಕ್ಕೆ ಚಿವುಟುವುದು, ಎಲೆ ಬಿಚ್ಚಿಕೊಳ್ಳುವ ವಾರಗಳಲ್ಲಿ ನೀರನ್ನು ಹಿಡಿತದಲ್ಲಿಡುವುದು, ಇವೇ ಕಾರಣ.

ವರ್ಷಕ್ಕೆ ಒಂದೇ ದೊಡ್ಡ ಗಾಯ ಎಂಬ ನಿಯಮವನ್ನು ನಾನು ಮುರಿದಿಲ್ಲ. ಬೇರು ಮುಟ್ಟಿದ ವರ್ಷ ಕೊಂಬೆ ಮುಟ್ಟುವುದಿಲ್ಲ, ಬಾಗಿಸಿದ ವರ್ಷ ಕುಂಡ ಬದಲಿಸುವುದಿಲ್ಲ. 22 ವರ್ಷ ಆದದ್ದು ಹೀಗೆ. ಬೇಗ ಮಾಡುವ ಉಪಾಯ ಕೇಳುವವರಿಗೆ ನಾನು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಯಮಾಕಿ ಪೈನ್ ಮರದ ವಿಷಯ ಹೇಳುತ್ತೇನೆ. 1625ರಿಂದ ಅದು ಕುಂಡದಲ್ಲಿದೆ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬು ಬಿದ್ದಾಗ ಯಮಾಕಿ ಕುಟುಂಬದ ಅಂಗಳದ ಗೋಡೆಯ ಮರೆಯಲ್ಲಿದ್ದು ಉಳಿಯಿತು, 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಇಂದಿಗೂ ಯಾರೋ ಅದರ ಚಿಗುರು ಚಿವುಟುತ್ತಿದ್ದಾರೆ.

ನನ್ನ ಮರದ ತುದಿ ನನಗೆ ಒಪ್ಪಿಗೆಯಾಗಿಲ್ಲ. ಅದು ಎಡಕ್ಕೆ ವಾಲಿ, ಬುಡದ ಬಾಗಿಗೆ ಎದುರಾಡುವಂತಿದೆ. ಬರುವ ಡಿಸೆಂಬರಿನಲ್ಲಿ ಅದರ ಕೆಳಗಿನ ಸಣ್ಣ ಕೊಂಬೆಗೆ ತಂತಿ ಕಟ್ಟಿ ಮೇಲಕ್ಕೆತ್ತಬೇಕೆಂದಿದ್ದೇನೆ. ಅದು ಹಳೆಯ ತುದಿಯಷ್ಟೇ ದಪ್ಪವಾಗುವವರೆಗೆ ಹಳೆಯದನ್ನು ಕಡಿಯುವಂತಿಲ್ಲ. ಆದ್ದರಿಂದ ಇನ್ನು ಮೂರು ನಾಲ್ಕು ವರ್ಷ ಈ ತಾರಸಿಗೆ ಬರುವವರಿಗೆ ಎರಡು ತುದಿಯ ಪೈನ್ ಕಾಣಿಸುತ್ತದೆ.