ತುರಹಳ್ಳಿ ಕಾಡಿಗೆ ಅಮ್ಮನ ಜೊತೆ

ಬೆಂಗಳೂರಿನ ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡಿಗೆ ಮೊದಲ ಸಲ ಹೋದಾಗ ನನಗೆ ನಿರಾಸೆಯೇ ಆಗಿತ್ತು. ಎತ್ತರದ ಮರ, ತಂಪು ಇರುತ್ತದೆ ಅಂದುಕೊಂಡು ಹೋದರೆ ಬರೀ ಬಂಡೆ, ಮುಳ್ಳು, ಪೊದೆ. ನೀಲಗಿರಿ ನೆಟ್ಟ ಕಡೆ ಸ್ವಲ್ಪ ನೆರಳಿತ್ತು, ಅಲ್ಲೇ ಕೂತು ಬಿಸ್ಕೆಟ್ ತಿಂದು ವಾಪಸ್ ಬಂದಿದ್ದೆ.

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ. ಹಳ್ಳಿಯಲ್ಲಿ ಬೆಳೆದವಳು. ಹತ್ತು ಹೆಜ್ಜೆ ಇಟ್ಟಿಲ್ಲ, "ಅಯ್ಯೋ, ಬಂದರೆ ಗಿಡ!" ಅಂತ ನಿಂತುಬಿಟ್ಟಳು. ನಾನು ಕಳೆ ಅಂದುಕೊಂಡಿದ್ದ ಗಿಡ ಅದು. ಎಲೆ ಮುಟ್ಟಿದರೆ ಅಂಟಂಟು, ಬಿಸಿಲಿಗೆ ನೀರು ಆರದ ಹಾಗೆ ಕಾಯುವುದು ಆ ಅಂಟೇ, ಕಾಯಿಗೆ ಕಾಗದದಂಥ ರೆಕ್ಕೆ ಬೇರೆ, ಗಾಳಿಗೆ ಹಾರಿ ಹೋಗಿ ಬಂಡೆ ಸಂದಿಯಲ್ಲೂ ಹುಟ್ಟಿಕೊಳ್ಳುತ್ತದೆ. ಊರಲ್ಲಿ ಕಾಲು ಉಳುಕಿದರೆ ಈ ಸೊಪ್ಪನ್ನೇ ಬಿಸಿ ಮಾಡಿ ಕಟ್ಟುತ್ತಿದ್ದರಂತೆ.

ಆಮೇಲೆ ನಾನು ಸುಮ್ನೆ ಅವಳ ಹಿಂದೆ ನಡೆದೆ. ಇದು ಕಾರೆ, ಅದು ಕಗ್ಗಲಿ, ಈ ಹಳದಿ ಹೂವು ತಂಗಡಿ. ನಾನು ತೋರಿಸಿದ್ದು ಒಂದೇ: ಎಕ್ಕದ ಎಲೆ ಮೇಲೆ ಕಪ್ಪು, ಬಿಳಿ ಪಟ್ಟೆಯ ಹುಳು. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಕ್ಕಿಗಳು ಹತ್ತಿರ ಬರಲ್ಲ ಅಂದೆ. "ಆಂಜನೇಯನ ಹಾರಕ್ಕೆ ಅಷ್ಟೇ ಅಂದ್ಕೊಂಡಿದ್ದೆ" ಅಂದಳು. ಬಂಡೆ ಮೇಲೆ ಒಂದು ಗಂಡು ಓತಿಕ್ಯಾತ, ಬೆನ್ನು ಕೆಂಪು, ಪಕ್ಕ ಕಪ್ಪು, ತಲೆ ಆಡಿಸುತ್ತಾ ಕೂತಿತ್ತು. ಮರ ದಟ್ಟವಾಗಿದ್ದರೆ ಅದಕ್ಕೆ ಬಿಸಿಲು ಕಾಯಿಸಲು ಜಾಗ ಎಲ್ಲಿ?

ನನ್ನ ಬಿಸ್ಕೆಟ್ ಜಾಗಕ್ಕೆ ಬಂದಾಗ ಅಮ್ಮ ಸುತ್ತ ನೋಡಿ, "ಇಲ್ಲೇನೂ ಇಲ್ವಲ್ಲೋ" ಅಂದಳು. ನಿಜ, ನೀಲಗಿರಿಯ ಅಡಿ ಒಣ ಎಲೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದರೆ ಪಕ್ಕದ ಲಂಟಾನವನ್ನು ಮಾತ್ರ ನಮ್ಮೂರದ್ದೇ ಅಂತ ವಾದ ಮಾಡಿದಳು. ಅದು ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ಅಂತ ಬಂದ ಗಿಡ ಅಂದರೂ ನಂಬಲಿಲ್ಲ.

2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಜನ ಯಾಕೆ ವಿರೋಧಿಸಿದರು ಅಂತ ಆಗ ನನಗೆ ಅರ್ಥವೇ ಆಗಿರಲಿಲ್ಲ. ಪಾರ್ಕ್ ಒಳ್ಳೆಯದೇ ಅಲ್ವಾ ಅನ್ನಿಸಿತ್ತು.

ವಾಪಸ್ ಬರುವಾಗ ಕವಳೆ ಹಣ್ಣು ಕಪ್ಪಾಗಿದ್ದವು. ಕಾಡಿಂದ ಏನೂ ಕೀಳಬಾರದು ಅಮ್ಮಾ ಅಂದೆ.

"ಎರಡೇ ಎರಡು" ಅಂದಳು. ಒಂದು ನನಗೇ ಕೊಟ್ಟಳು.