ಸರ್ಕಾರ ಕೊಡ್ತೀನಿ ಅಂದ ದುಡ್ಡನ್ನ ಬೇಡ ಅಂದ ಚರ್ಚ್‌ಗಳು: ಅಕೌಂಟ್ಸ್ ಕೆಲಸದಲ್ಲಿ ನಾನು ಕಲಿತಿದ್ದು

ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಸಣ್ಣ ಸಂಸ್ಥೆಗಳ ಅಕೌಂಟ್ಸ್ ನೋಡ್ತೀನಿ, ಅದ್ರಲ್ಲಿ ಚರ್ಚ್‌ಗಳೇ ಜಾಸ್ತಿ. ವಾರದ ಕಾಣಿಕೆ ಎಂಟ್ರಿ, ಪಾಸ್ಟರ್ ಸಂಬಳ, ಬ್ಯಾಂಕ್ ರಿಕನ್ಸಿಲಿಯೇಷನ್, ವರ್ಷದ ಕೊನೇಲಿ ದಾನ ಕೊಟ್ಟವರಿಗೆ ಸ್ಟೇಟ್‌ಮೆಂಟ್. ಟೀಮಿಗೆ ಹೊಸದಾಗಿ ಬರೋ ಹುಡುಗ್ರಿಗೆ 2020ರ ಏಪ್ರಿಲ್ ಬಗ್ಗೆ ಹೇಳ್ತಾನೇ ಇರ್ತೀನಿ, ಒಂದ್ಸಲ ಬರೆದೇ ಬಿಡೋಣ ಅನ್ಸ್ತು.

ಕೊರೊನಾದಿಂದ ಮಾರ್ಚ್ ಮಧ್ಯದಲ್ಲಿ ಅಲ್ಲಿ ಭಾನುವಾರದ ಆರಾಧನೆ ನಿಂತೋಯ್ತು, ತಟ್ಟೆಗೆ ಬೀಳ್ತಿದ್ದ ಕಾಣಿಕೆನೂ ನಿಂತೋಯ್ತು. ಮಾರ್ಚ್ 27ಕ್ಕೆ ಕೇರ್ಸ್ ಆಕ್ಟ್ ಬಂತು, ಸುಮಾರು 2.2 ಲಕ್ಷ ಕೋಟಿ ಡಾಲರಿನ ಕೊರೊನಾ ನೆರವಿನ ಕಾನೂನು, ಅದ್ರೊಳಗೆ ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಅಂತ ಸಿಬ್ಬಂದಿ ಸಂಬಳ ಉಳಿಸೋ ಒಂದು ಸ್ಕೀಮ್, ಮೊದಲ ಕಂತು 34,900 ಕೋಟಿ ಡಾಲರ್. ತಿಂಗಳ ಸರಾಸರಿ ಸಂಬಳದ ಖರ್ಚಿನ ಎರಡೂವರೆ ಪಟ್ಟು ಸಾಲ, 1% ಬಡ್ಡಿ, ಹೆಚ್ಚಿನ ಪಾಲನ್ನ ಸಂಬಳಕ್ಕೇ ಖರ್ಚು ಮಾಡಿದ್ರೆ ಸಾಲ ಮನ್ನಾ. ಚರ್ಚ್‌ಗಳೂ ಹಾಕ್ಬಹುದು ಅಂದ್ರು. ಏಪ್ರಿಲ್ 3ಕ್ಕೆ ಶುರುವಾಗಿದ್ದು 16ಕ್ಕೆ ಖಾಲಿ. ನಮಗೆ ನಿದ್ದೆ ಇಲ್ಲ, 941 ಅನ್ನೋ ಸಂಬಳದ ತೆರಿಗೆ ಫಾರಂಗಳು ತೆಗಿ, ಪೇರೋಲ್ ರಿಜಿಸ್ಟರ್ ತೆಗಿ, ಪಾಸ್ಟರ್ ಹೌಸಿಂಗ್ ಅಲೋವೆನ್ಸ್ (ಮನೆ ಭತ್ಯೆ) ಡಬ್ಲ್ಯೂ-2 ಅನ್ನೋ ವರ್ಷದ ಸಂಬಳದ ಫಾರಂನಲ್ಲಿ ಸಂಬಳದ ಬಾಕ್ಸಲ್ಲಿ ಬರಲ್ಲ, ಅದನ್ನ ಲೆಕ್ಕಕ್ಕೆ ಹಿಡಿಬೇಕಾ ಬೇಡ್ವಾ ಅಂತ ಮೇಲ್ ಮೇಲೆ ಮೇಲ್.

ಈ ಗಡಿಬಿಡಿಲಿ ಕೆಲವು ಚರ್ಚ್‌ಗಳು ನಮಗೆ ಬೇಡ ಅಂದ್ವು. ಪುಕ್ಕಟೆ ದುಡ್ಡು ಯಾಕ್ ಬಿಡ್ತಾರೆ ಅಂತ ನಮ್ಮ ಹುಡುಗ್ರಿಗೆ ಆಶ್ಚರ್ಯ. ನಾನು ಧಾರವಾಡ ಕಡೆಯ ಸಿಎಸ್ಐ (ದಕ್ಷಿಣ ಭಾರತ ಸಭೆ) ಕ್ರೈಸ್ತ ಮನೆಯವನು, ಚಿಕ್ಕಂದಿನಿಂದ ವಾಕ್ಯ ಕೇಳಿ ಬೆಳೆದೋನು, ಅದಕ್ಕೆ ಆ ಕಾಲ್‌ಗಳನ್ನ ನನ್ನ ತಲೆಗೇ ಕಟ್ಟಿದ್ರು. ಕೇಳ್ತಾ ಹೋದಂಗೆ ಗೊತ್ತಾಗಿದ್ದು ಏನಂದ್ರೆ ಎಲ್ಲರ 'ಬೇಡ' ಒಂದೇ ಅಲ್ಲ, ಒಂದೊಂದಕ್ಕೂ ಬೇರೆ ಲೆಕ್ಕ ಬೇಕು.

ಕೆಲವರದ್ದು ಸಾಲದ ತಕರಾರು. ಬೈಬಲಿನ ಜ್ಞಾನೋಕ್ತಿ 22:7, ಸಾಲ ತಗೊಂಡವನು ಕೊಟ್ಟವನಿಗೆ ಆಳು. ಒಂದು ಚರ್ಚಿನ ಖಜಾಂಚಿ ಹೇಳಿದ್ದು, ನಮ್ಮ ಸಾಲ ಮನ್ನಾ ಆದ್ರೂ ಸರ್ಕಾರ ಆ ದುಡ್ಡನ್ನ ಸಾಲ ಮಾಡಿಯೇ ತರ್ತಿದೆ, ಅದನ್ನ ನಮ್ಮ ಮೊಮ್ಮಕ್ಕಳು ತೀರಿಸ್ಬೇಕು. ಇದು ಹೊಸ ಮಾತಲ್ಲ. 2008ರ ಅಕ್ಟೋಬರ್‌ನಲ್ಲಿ ಬ್ಯಾಂಕ್‌ಗಳನ್ನ ಉಳಿಸೋಕೆ 70,000 ಕೋಟಿ ಡಾಲರ್, 2009ರ ಫೆಬ್ರವರಿಲಿ ಒಬಾಮಾ ಸಹಿ ಹಾಕಿದ 78,700 ಕೋಟಿ ಡಾಲರ್ ಪ್ಯಾಕೇಜ್, ಆಗ್ಲೂ ಅಲ್ಲಿನ ಸಂಪ್ರದಾಯಸ್ಥ ಕ್ರೈಸ್ತರು ಇದನ್ನೇ ಹೇಳಿದ್ರು. ಯೋಸೇಫನ ಕಥೆನೂ ಇಲ್ಲಿ ಬರುತ್ತೆ, ಆದಿಕಾಂಡ 41, ಸುಭಿಕ್ಷದ ಏಳು ವರ್ಷ ಐದರಲ್ಲೊಂದು ಪಾಲು ಕೂಡಿಟ್ಟ, ಕ್ಷಾಮ ಬಂದ್ಮೇಲೆ ಸಾಲ ಮಾಡ್ಲಿಲ್ಲ ಅಂತ. ನನಗೆ ಅನ್ನಿಸೋದು ಆ ಕಥೆ ಎರಡೂ ಕಡೆ ಮಾತಾಡುತ್ತೆ. ಕಣಜ ತುಂಬಿಸಿ ಕಷ್ಟಕಾಲದಲ್ಲಿ ತೆಗೆದಿದ್ದು ಈಜಿಪ್ಟಿನ ರಾಜ ಫರೋಹನ ಸರ್ಕಾರವೇ, ಆದ್ರೆ 47ನೇ ಅಧ್ಯಾಯಕ್ಕೆ ಬಂದ್ರೆ ಜನ ಧಾನ್ಯಕ್ಕೋಸ್ಕರ ಹೊಲಗದ್ದೆ ಎಲ್ಲ ಫರೋಹನಿಗೆ ಬರೆದುಕೊಟ್ಟು ಅವನ ಆಳುಗಳಾಗಿರ್ತಾರೆ.

ಇನ್ನು ಕೆಲವರದ್ದು, ಮುಖ್ಯವಾಗಿ ಬ್ಯಾಪ್ಟಿಸ್ಟರು ಅನ್ನೋ ಪ್ರೊಟೆಸ್ಟೆಂಟ್ ಪಂಗಡದವರದ್ದು, ಬಲವಂತದ ತಕರಾರು. 2 ಕೊರಿಂಥ 9:7, ಕಾಣಿಕೆ ಅಂದ್ರೆ ಖುಷಿಯಿಂದ ಕೊಡೋದು. ತೆರಿಗೆ ಹಾಗಲ್ಲ. ನಮ್ಮ ನಂಬಿಕೆ ಇಲ್ಲದವನ ತೆರಿಗೆಲಿ ನಮ್ಮ ಪಾಸ್ಟರ್ ಸಂಬಳ ತಗೊಂಡ್ರೆ ಅದು ನ್ಯಾಯ ಅಲ್ಲ ಅಂತ. ಇದರ ಹಿಂದೆ ದೊಡ್ಡ ಇತಿಹಾಸ ಇದೆ ಮತ್ತು ಇದನ್ನ ಓದ್ಕೊಂಡ್ಮೇಲೆ ನನಗೆ ಅವರ ಮೇಲೆ ಗೌರವ ಹೆಚ್ಚಾಯ್ತು. ವರ್ಜೀನಿಯಾದಲ್ಲಿ ಕ್ರೈಸ್ತ ಬೋಧಕರಿಗೆ ತೆರಿಗೆ ಹಣದಿಂದ ಸಂಬಳ ಕೊಡೋ ಮಸೂದೆ ಬಂದಾಗ 1785ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ಅದರ ವಿರುದ್ಧ ಬರೆದ, ಬ್ಯಾಪ್ಟಿಸ್ಟರು ಅರ್ಜಿ ಮೇಲೆ ಅರ್ಜಿ ಹಾಕಿದ್ರು, ದುಡ್ಡು ತಮಗೂ ಸಿಗ್ತಿದ್ರೂ ಬೇಡ ಅಂದ್ರು! ಮಸೂದೆ ಬಿದ್ದೋಯ್ತು, 1786ರಲ್ಲಿ ಜೆಫರ್ಸನ್ನನ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಪಾಸಾಯ್ತು.

ಮೂರನೆಯದು ಹಿಡಿತದ ಭಯ. ದುಡ್ಡು ಕೊಟ್ಟವರು ನಾಳೆ ಯಾರನ್ನ ಕೆಲಸಕ್ಕೆ ಇಟ್ಕೋಬೇಕು ಅಂತಾನೂ ಹೇಳ್ತಾರೆ ಅಂತ. ಪೆನ್ಸಿಲ್ವೇನಿಯಾದ ಗ್ರೋವ್ ಸಿಟಿ ಕಾಲೇಜು ದುಡ್ಡಿನ ಜೊತೆ ಬರೋ ಸರ್ಕಾರಿ ಷರತ್ತುಗಳ ವಿಚಾರಕ್ಕೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು, 1984ರಲ್ಲಿ ತೀರ್ಪು ಬಂತು, ಈಗ ಆ ಕಾಲೇಜು ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವನ್ನೇ ಮುಟ್ಟಲ್ಲ. ಈ ತಕರಾರಿಗೆ ಮಾತ್ರ ನಮ್ಮ ಹತ್ರ ನೇರ ಉತ್ತರ ಇತ್ತು. ಸಾಲ ತೀರಿದ ಮೇಲೆ ಅಥವಾ ಮನ್ನಾ ಆದ ಮೇಲೆ ಅದರ ಜೊತೆ ಬಂದ ತಾರತಮ್ಯ-ವಿರೋಧಿ ಷರತ್ತುಗಳು ಮುಂದುವರಿಯಲ್ಲ ಅಂತ ಈ ಸ್ಕೀಮ್ ನಡೆಸ್ತಿದ್ದ ಸರ್ಕಾರಿ ಸಂಸ್ಥೆ ಎಸ್‌ಬಿಎ ಏಪ್ರಿಲ್ 3ಕ್ಕೇ ಬರೆದು ಕೊಟ್ಟಿತ್ತು. ಅದನ್ನ ಕಳಿಸಿದ್ವಿ, ಕೆಲವರು ಒಪ್ಪಿದ್ರು.

ಎಲ್ಲಾ ಕ್ರೈಸ್ತರೂ ಹೀಗೇ ಅಂತ ಅಲ್ಲ. ಕ್ಯಾಥೊಲಿಕ್ ಸಂಸ್ಥೆಗಳಿಗೆ ಈ ಸ್ಕೀಮಲ್ಲಿ ಕಡಿಮೆ ಅಂದ್ರೂ 140 ಕೋಟಿ ಡಾಲರ್ ಹೋಗಿದೆ ಅಂತ ಎಪಿ ಸುದ್ದಿಸಂಸ್ಥೆ ಆ ಜುಲೈನಲ್ಲಿ ವರದಿ ಮಾಡ್ತು. 1930ರ ದಶಕದ ಮಹಾ ಕುಸಿತದಲ್ಲೂ ಹಾಗೇ, ಲಾಸ್ ಏಂಜಲೀಸ್‌ನ ಪಾದ್ರಿ ಜೇಮ್ಸ್ ಫೈಫೀಲ್ಡ್ ಸರ್ಕಾರದ ನ್ಯೂ ಡೀಲ್ ಪರಿಹಾರ ಯೋಜನೆಗಳ ವಿರುದ್ಧ ಚಳವಳಿ ಕಟ್ಟಿದ್ರೆ, ಅದೇ ಕಾಲದಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಅನ್ನೋ ದೈವಭಕ್ತ ಹೆಣ್ಮಗಳು ಕಾರ್ಮಿಕ ಮಂತ್ರಿಯಾಗಿ ಸೋಷಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪಿಂಚಣಿ ವ್ಯವಸ್ಥೆ ತಂದ್ರು. ನನ್ನ ಮನಸ್ಸು ಪರ್ಕಿನ್ಸ್ ಕಡೆ, ಅದನ್ನ ಮುಚ್ಚಿಡಲ್ಲ, ಆದ್ರೆ ಕ್ಲೈಂಟ್ ಕಾಲ್‌ನಲ್ಲಿ ಅದನ್ನ ವಾದಿಸೋದು ನನ್ನ ಕೆಲಸ ಅಲ್ಲ.

ನಾನು ಮಾಡಿದ್ದು ಬೇಡ ಅಂದೋರಿಗೂ ತಗೊಂಡೋರಷ್ಟೇ ಕಾಳಜಿಯಿಂದ ಶೀಟ್ ಮಾಡ್ಕೊಟ್ಟಿದ್ದು. ರಿಸರ್ವ್ ಎಷ್ಟು ವಾರ ಬರುತ್ತೆ, ಯಾವ ಖರ್ಚು ನಿಲ್ಲಿಸ್ಬಹುದು, ಯಾರ ಸಂಬಳಕ್ಕೆ ಕೈ ಹಾಕ್ಬೇಕಾಗುತ್ತೆ. ಒಂದು ವಿಷಯ ಮಾತ್ರ ಎಲ್ಲಾ ಕಾಲ್‌ನಲ್ಲೂ ಹೇಳಿದೆ. ಅಮೆರಿಕದಲ್ಲಿ ಚರ್ಚ್‌ಗಳು ಸಾಮಾನ್ಯವಾಗಿ ನಿರುದ್ಯೋಗ ವಿಮೆ ತೆರಿಗೆ ಕಟ್ಟಲ್ಲ, ಹಾಗಾಗಿ ಕೆಲಸ ಹೋದ್ರೆ ಅಲ್ಲಿನ ಸಿಬ್ಬಂದಿಗೆ ಮಾಮೂಲಿ ಭತ್ಯೆ ಸಿಗಲ್ಲ, ಆ ವರ್ಷ ಅಂಥವರಿಗೆ ಅಂತಾನೇ ಕೇರ್ಸ್ ಆಕ್ಟಲ್ಲಿ ಬೇರೆ ಭತ್ಯೆ ಇಟ್ಟಿದ್ರು. ಅಂದ್ರೆ ನೀವು ತತ್ವಕ್ಕೆ ನಿಂತು ಪ್ರಿಸ್ಕೂಲ್ ಟೀಚರ್‌ನ ಮನೆಗೆ ಕಳಿಸಿದ್ರೆ ಆಕೆ ಹೋಗಿ ನಿಲ್ಲೋದು ಅದೇ ಸರ್ಕಾರದ ಬಾಗಿಲಲ್ಲಿ, ನಿಮ್ಮ ತತ್ವದ ಬೆಲೆ ಯಾರು ಕಟ್ತಾರೆ ಅನ್ನೋದೂ ಶೀಟ್‌ನಲ್ಲಿ ಕಾಣ್ಬೇಕು. ಇದನ್ನ ಕೇಳಿ ಒಂದು ಚರ್ಚ್ ಅರ್ಜಿ ಹಾಕ್ತು. ಇನ್ನೊಂದು ಚರ್ಚಿನ ಹಿರಿಯರು ಆಗ್ಲೂ ಬೇಡ ಅಂದ್ರು, ಸಭೆಯವರನ್ನೇ ಕೇಳಿ ಟೀಚರ್‌ಗಳ ಸಂಬಳಕ್ಕೆ ಬೇರೆ ಫಂಡ್ ಮಾಡಿದ್ರು, ಆ ಫಂಡಿನ ಎಂಟ್ರಿಗಳನ್ನ ನಾನೇ ಹಾಕಿದೆ, ಹತ್ತು ಡಾಲರ್, ಇಪ್ಪತ್ತು ಡಾಲರಿನ ಕಾಣಿಕೆಗಳೇ ಜಾಸ್ತಿ.

ಆಮೇಲಿಂದ ನಮ್ಮ ಕ್ಲೈಂಟ್ ಫೈಲ್‌ನಲ್ಲಿ ಒಂದು ಕಾಲಂ ಇಟ್ಟಿದೀವಿ: ಸರ್ಕಾರಿ ನೆರವು ಬೇಡ ಅಂದಿದ್ರೆ ಕಾರಣ ಯಾವುದು, ಸಾಲವೋ, ಬಲವಂತವೋ, ಹಿಡಿತವೋ, ಮತ್ತೆ ಬೋರ್ಡ್ ಮಿನಿಟ್ಸ್‌ನಲ್ಲಿ ಯಾವ ತಾರೀಕು ಬರೆದಿದೆ. 2021ರ ಜನವರಿಲಿ ಸ್ಕೀಮ್ ಮತ್ತೆ ಶುರುವಾಯ್ತು, ಮೊದಲೇ ಒಂದ್ಸಲ ತಗೊಂಡೋರಿಗೆ ಮಾತ್ರ ಆದಾಯ 25% ಇಳಿದಿರ್ಬೇಕು ಅನ್ನೋ ಷರತ್ತು. ಸಾಲ ಅಂತ ಬರೆದಿದ್ದವರಿಗೆ ಮನ್ನಾ ಲೆಕ್ಕದ ಸಮೇತ ಪೂರ್ತಿ ಶೀಟ್ ಕಳಿಸಿದ್ವಿ, ಹಿಡಿತ ಅಂದವರಿಗೆ ಷರತ್ತುಗಳ ಪಟ್ಟಿ, ಬಲವಂತ ಅಂದವರಿಗೆ ಹೀಗೊಂದು ಅವಕಾಶ ಇದೆ ಅಂತ ಒಂದು ಸಾಲಿನ ಮೇಲ್ ಅಷ್ಟೇ.