ಕಲಬುರಗಿಯ ಗೋಡೆ ಮೇಲೊಂದು ಹಾಯಿಹಡಗು

ಕಾಕಾನ ಮನೆ ಇರೋದು ಕಲಬುರಗಿಯಲ್ಲಿ. ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಪಡಸಾಲೆ ಗೋಡೆ ಮೇಲೆ ಸರಕು ಹಡಗಿನ ಒಂದು ಹಳೇ ವಾಟರ್ ಕಲರ್ ಚಿತ್ರ ಇದೆ. ಮುಂಬೈ ಡಾಕ್‌ನಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಚೋರ್ ಬಜಾರಿನಲ್ಲಿ ಕೊಂಡು ತಂದದ್ದಂತೆ.

'ಏನದಪಾ ಇದರಾಗ, ಬರೀ ಒಂದು ಹಡಗು' ಅಂತಾರೆ ಕಾಕಾ. ಕಲೆ ಅಂತ ನೋಡಿದರೆ ಅವರ ಮಾತು ಪೂರ್ತಿ ಸುಳ್ಳಲ್ಲ. ಅಲೆಗಳೆಲ್ಲ ಒಂದೇ ಅಚ್ಚಿನವು, ಮೋಡ ಸುಮ್ನೆ ಬಳಿದದ್ದು. ಆದರೆ ಹಡಗಿನ ಕಡೆ ಬನ್ನಿ: ಒಂದೊಂದು ಹಗ್ಗವೂ ಎಲ್ಲಿಂದ ಹೊರಟು ಎಲ್ಲಿ ಕಟ್ಟಿದೆ ಅನ್ನೋದು ಕಾಣುತ್ತದೆ.

ಅದಕ್ಕೆ ಕಾರಣ ಇದೆ. 19ನೇ ಶತಮಾನದ ಬಂದರುಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಚಿತ್ರಕಾರರಿದ್ದರು. ಹಡಗು ಸರಕು ಇಳಿಸಿ ಮತ್ತೆ ಹೊರಡುವುದರೊಳಗೆ ಬರೆದು ಕೊಡಬೇಕು, ಮತ್ತು ಕೊಳ್ಳುವವನು ಆ ಹಡಗಿನ ಕ್ಯಾಪ್ಟನ್ನೋ ಮಾಲೀಕನೋ. ಅಂಥವನ ಮುಂದೆ ಒಂದು ಹಗ್ಗ ತಪ್ಪಿದರೂ ದುಡ್ಡು ಹುಟ್ಟಲ್ಲ. ಮೋಡ ಹೇಗಿದ್ದರೆ ಅವನಿಗೇನು? ಮಾರ್ಸೇಲ್ಸ್‌ನ ಆಂತ್ವಾನ್ ರೂ ಅನ್ನುವವರು ನಾವಿಕರಿಗೆ ನಕ್ಷೆ, ದಿಕ್ಸೂಚಿ ಮಾರುವ ಅಂಗಡಿ ಇಟ್ಟುಕೊಂಡೇ ಚಿತ್ರ ಬರೆಯುತ್ತಿದ್ದರು, ಮಕ್ಕಳೂ ಅದೇ ದಾರಿ ಹಿಡಿದರು. ಇಂಗ್ಲೆಂಡಿನ ರೂಬೆನ್ ಚಾಪೆಲ್ ಹೀಗೇ ಸಾವಿರಾರು ಹಡಗು ಬರೆದರು. ಈ ಚಿತ್ರಗಳಲ್ಲಿ ಹಡಗು ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿ, ಹಾಯಿಯೆಲ್ಲ ಬಿಚ್ಚಿಕೊಂಡು, ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಂತ ಮದುಮಗನ ಹಾಗೆ ಇರುತ್ತದೆ.

ಹಾಗಾಗಿ ನನ್ನ ಪ್ರಕಾರ ಇದು ನೋಡೋದಕ್ಕಿಂತ ಓದೋ ಚಿತ್ರ. ಕಾಕಾನ ಹಡಗಿಗೆ ಮೂರು ಕಂಬ. ಮುಂದಿನ ಎರಡಕ್ಕೆ ಅಡ್ಡಡ್ಡ ಚೌಕದ ಹಾಯಿಗಳಿವೆ, ಹಿಂದಿನದಕ್ಕೆ ಇಲ್ಲ, ಅಂದರೆ ಇದು 'ಬಾರ್ಕ್' ಜಾತಿಯದು. ಹಿಂಬದಿಯಲ್ಲಿ ಕೆಂಪು ಬಾವುಟ, ಮೂಲೆಯಲ್ಲಿ ಯೂನಿಯನ್ ಜಾಕ್, ಹಾಗಾದರೆ ಬ್ರಿಟಿಷ್ ವ್ಯಾಪಾರಿ ಹಡಗು. ಕೆಳಗಿನ ದೊಡ್ಡ ಹಾಯಿಯ ಮೇಲೆ ಮೊದಲೆಲ್ಲ ಒಂದೇ ಒಂದು ದೊಡ್ಡ ಹಾಯಿ ಇರುತ್ತಿದ್ದ ಜಾಗದಲ್ಲಿ ಎರಡು ಕಿರಿದಾದವು ಇವೆ. ಹೀಗೆ ಎರಡು ಮಾಡಿದರೆ ಕಡಿಮೆ ಆಳು ಸಾಕು, ಈ ಪದ್ಧತಿ ಬಳಕೆಗೆ ಬಂದದ್ದು 1850ರ ದಶಕದಿಂದೀಚೆಗೆ. ಇನ್ನು ಒಂದರ ಕೆಳಗೊಂದು ಹಾರುವ ನಾಲ್ಕು ಪುಟ್ಟ ಬಾವುಟ ಅಲಂಕಾರಕ್ಕಲ್ಲ. 1857ರಲ್ಲಿ ಬಂದ ಸಂಕೇತ ಪದ್ಧತಿಯಲ್ಲಿ ಒಂದೊಂದು ಬಾವುಟಕ್ಕೆ ಒಂದೊಂದು ಅಕ್ಷರ, ಇಂಥ ನಾಲ್ಕು ಸೇರಿದರೆ ಆ ಹಡಗಿನ ಗುರುತು. ಈಗಿನ ಗಾಡಿ ನಂಬರ್ ಅಂದುಕೊಳ್ಳಿ. ಇಷ್ಟೆಲ್ಲ ಕ್ಯಾಪ್ಟನ್‌ಗೆ ಬೇಕಿತ್ತು, ಕಾಕಾಗೆ ಬೇಡ, ಅಷ್ಟೇ ವ್ಯತ್ಯಾಸ.

ಒಣನಾಡಿನವರಿಗೆ ಹಡಗು ಯಾಕೆ ಅನ್ನೋರಿಗೂ ಒಂದು ಮಾತು. ಬೀದರ್‌ನಲ್ಲಿ 1472ರಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಕಡೆಯ ವ್ಯಾಪಾರಿ, ಹಡಗಿನಲ್ಲಿ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದು ಇಲ್ಲಿಗೆ ಬಂದವರು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಸಮುದ್ರ ದಾಟಿಸಿ ತಂದ ಕುದುರೆಯನ್ನು ಮಾರಿದ್ದೂ ಬೀದರ್‌ನಲ್ಲೇ. ಬಹಮನಿ ಸೈನ್ಯದ ಒಳ್ಳೆ ಕುದುರೆಗಳು ಬರುತ್ತಿದ್ದದ್ದೇ ಕಡಲ ಮೇಲೆ ಅಲ್ವಾ?

ಈಗ ಚಿಂತೆ ಇರೋದು ಬಿಸಿಲಿನದು. ನಮ್ಮ ಊರಿನ ಬೇಸಿಗೆ ಗೊತ್ತಲ್ಲ. ಚಿತ್ರದ ಎದುರಿಗೇ ಕಿಟಕಿ ಇದೆ. ವಾಟರ್ ಕಲರ್‌ಗೆ ಬೆಳಕಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಆಗಿನ ಚಿತ್ರಕಾರರು ಮೋಡದ ಬೂದು ಬಣ್ಣಕ್ಕೆ ಕೆಂಪಿನ ಜೊತೆ ಇಂಡಿಗೋ ನೀಲಿ ಬೆರೆಸುತ್ತಿದ್ದರು, ಆ ನೀಲಿ ಬೇಗ ಮಾಸಿ ಹೋಗಿ ಬೂದು ಮೋಡ ಕೆಂಪಾಗಿ ಕಾಣತೊಡಗುತ್ತದೆ. ಹಿಂದೆ ಹಾಕಿದ ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಇಳಿದು ಕಂದು ಬಣ್ಣ ತರುತ್ತದೆ. ಇದನ್ನೆಲ್ಲ ಕೇಳಿದ ಮೇಲೆ ಕಾಕಾ ಫ್ರೇಮ್ ಬಿಚ್ಚಲು ಒಪ್ಪಿದ್ದಾರೆ. ಫ್ರೇಮಿನ ಅಂಗಡಿಯವರಿಗೆ ಒಂದೇ ಶರತ್ತು: ಒದ್ದೆ ಬಟ್ಟೆ ಮುಟ್ಟಿಸಬಾರದು, ಬಣ್ಣ ನೀರಲ್ಲೇ ಕರಗಿದ್ದು, ನೀರಲ್ಲೇ ಹೋಗುತ್ತದೆ.

ಬಿಚ್ಚಿದರೆ ಇನ್ನೊಂದು ಲಾಭ ಇದೆ. ಇಂಥ ಚಿತ್ರಗಳ ಕೆಳ ಅಂಚಿನಲ್ಲಿ ಸಾಮಾನ್ಯವಾಗಿ ಹಡಗಿನ ಹೆಸರು, ಕ್ಯಾಪ್ಟನ್ ಹೆಸರು ಬರೆದಿರುತ್ತಾರೆ, ಇದರಲ್ಲಿ ಆ ಸಾಲು ಫ್ರೇಮಿನ ಅಡಿ ಮುಚ್ಚಿಹೋಗಿದೆ. ಹೆಸರು ಸಿಕ್ಕರೆ ಲಾಯ್ಡ್ಸ್ ರಿಜಿಸ್ಟರ್ ಅನ್ನೋ ಹಡಗುಗಳ ಪಟ್ಟಿ ನೋಡೋದು. 1764ರಿಂದಿನ ಹಳೇ ಸಂಪುಟಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇವೆ. ಹಡಗು ಎಲ್ಲಿ ಕಟ್ಟಿದ್ದು, ಎಷ್ಟು ಟನ್, ಮಾಲೀಕ ಯಾರು, ಎಲ್ಲಾ ಒಂದೇ ಸಾಲಿನಲ್ಲಿ ಇರುತ್ತದೆ.